ಸಿರುಗುಪ್ಪಕ್ಕೆ ನನ್ನನ್ನು ಕಳಿಸಿದ್ದು ಯಾರು?

ನಮ್ಮ ಚರ್ಚಿನಲ್ಲಿ ಆರಾಧನೆ ಮುಗಿಯುತ್ತದೆ, ವಾದ ಮುಗಿಯುವುದಿಲ್ಲ. ದೇವರು ಎಲ್ಲಾ ಮೊದಲೇ ನೇಮಿಸಿಟ್ಟಾನೆ ಅಂತ ನಮ್ಮ ಮಾಮಾ. ಇಲ್ಲ, ಆರಿಸಿಕೊಳ್ಳೋ ಬುದ್ಧಿ ಮನುಷ್ಯನಿಗೇ ಬಿಟ್ಟಾನೆ ಅಂತ ಸಂಡೇ ಸ್ಕೂಲ್ ಮೇಷ್ಟ್ರು. ಒಂಬತ್ತನೇದಕ್ಕೆ ಸಾಲಿ ಬಿಟ್ಟು ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಂಟಿಗೆ ಗುಂಡಿ ಹೊಡೆಯುವ ನಾನು ಇಬ್ಬರಿಗೂ ತಲೆಯಾಡಿಸಿ, ಇಬ್ಬರ ಕಡೆಯಿಂದಲೂ ಚಾ ಕುಡಿಯುತ್ತಿದ್ದೆ.

ವಾಗ್ದಾನದ ಚೀಟಿ

ಹೊಸ ವರ್ಷದ ಬೆಳಿಗ್ಗೆ ನಮ್ಮಲ್ಲಿ ತಟ್ಟೆ ತುಂಬ ಚೀಟಿ ಹಿಡಿಯುತ್ತಾರೆ, ಒಂದೊಂದರಲ್ಲಿ ಒಂದೊಂದು ವಚನ. ಕಣ್ಣು ಮುಚ್ಚಿ ಎತ್ತಿದ್ದೇ ಆ ವರ್ಷಕ್ಕೆ ದೇವರು ಕೊಟ್ಟ ಮಾತು. ಮಾಮಾನಿಗೆ ಬಂದದ್ದು ಕಷ್ಟ ಸಹಿಸಿಕೋ ಅನ್ನುವಂಥದ್ದು. ಆಚೀಚೆ ನೋಡಿ, ಅದನ್ನು ಮೆಲ್ಲಗೆ ಒಳಗೆ ತೂರಿಸಿ, ಇನ್ನೊಂದು ಎತ್ತಿದ.

ತಟ್ಟೆ ಹಿಡಿದವಳು ಪಾಸ್ಟರ ಮಗಳು. "ಅಂಕಲ್, ಮೊದಲಿಂದು ದೇವರು ನೇಮಿಸಿದ್ದು. ಎರಡನೇದು ಯಾರು ನೇಮಿಸಿದ್ದು?"

"ನಾ ಬದಲಿ ಮಾಡ್ತೀನಂತನೂ ಅವನು ಮೊದಲೇ ನೇಮಿಸ್ಯಾನವ್ವಾ," ಅಂದ ಮಾಮಾ.

ಅವಳು ನಕ್ಕಳು. ನಾನೆತ್ತಿದ ಚೀಟಿಯಲ್ಲಿ ಏನಿತ್ತೋ, ಇವತ್ತಿಗೂ ಓದಿಲ್ಲ.

ವರ್ಗ

ಬೇಸಿಗೆಯಲ್ಲಿ ಪಾಸ್ಟರಿಗೆ ಸಿರುಗುಪ್ಪಕ್ಕೆ ವರ್ಗವಾಯಿತು. ಎಲ್ಲ ದೇವರ ಚಿತ್ತ ಅಂತ ವೇದಿಕೆ ಮೇಲೆ ನಿಂತು ಪ್ರಸಂಗ ಮಾಡಿದರು, ನಾವೆಲ್ಲ ಆಮೆನ್ ಅಂದೆವು. ಕೆಳಗಿಳಿದ ಮೇಲೆ ಕಮಿಟಿಯವರನ್ನು ಒಳಕ್ಕೆ ಕರೆದು, ವರ್ಗ ರದ್ದು ಮಾಡಿಸಾಕ ಒಂದು ಅರ್ಜಿ ಬರೀರಿ ಅಂದರು. ತಮ್ಮ ವಾದವೇ ಗೆದ್ದಿತು ಅಂತ ಮೇಷ್ಟ್ರು ಕುಂತಲ್ಲೇ ಅರ್ಧ ಗೇಣು ಎತ್ತರವಾದರು. ಅರ್ಜಿಗೆ ಎಲ್ಲರಿಗಿಂತ ಮೊದಲು ಸಹಿ ಹಾಕಿದವನು ನಾನು. ನಾನು ಕಮಿಟಿಯಲ್ಲೇ ಇಲ್ಲ.

ರದ್ದಾಗಲಿಲ್ಲ. ಲಾರಿಗೆ ಅವರ ಮಂಚ ಏರಿಸಿದವನೂ ನಾನೇ. ಅವರ ಮಗಳು ಮುಂದೆ ಕುಂತು ಚರ್ಚಿಗೆಲ್ಲ ಕೈ ಬೀಸಿದಳು. ಅದರಲ್ಲಿ ನನ್ನ ಪಾಲು ಎಷ್ಟು ಅಂತ ಇನ್ನೂ ಲೆಕ್ಕ ಹಾಕುತ್ತಿದ್ದೇನೆ.

ಸಲಹೆ

ಅವಳಿಲ್ಲದೆ ಕ್ವಾಯರ್ ಹಾಡು ಉಪ್ಪಿಲ್ಲದ ಸಾರಿನಂಗ ಆಯಿತು. ಮಾಮಾನ್ನ ಕೇಳಿದೆ. "ನಿನಗಂತ ಇಟ್ಟಿದ್ರ ತಾನಾಗೇ ಬರ್ತಾಳ, ಸುಮ್ನಿರು." ಮೇಷ್ಟ್ರನ್ನ ಕೇಳಿದೆ. "ಲೇ, ಬಸ್ ಹತ್ತಾಕ ಕಾಲು ಕೊಟ್ಟಾನಲ್ಲ."

ಬಸ್ಸಿಗಿಂತ ಸುಮ್ಮನಿರುವುದು ಸುಲಭ, ಮಾಮಾನ ಮಾತೇ ಕೇಳಿದೆ. ಮಳೆಗಾಲ ಪೂರ್ತಿ ಚರ್ಚಿನ ಬಾಗಿಲು ನೋಡಿಕೊಂಡು ಕುಂತೆ. ತಾವಾಗೇ ಬಂದದ್ದು ಪಕ್ಕದ ಮನೆಯ ಮೇಕೆಗಳು.

ಸಿರುಗುಪ್ಪ

ಭತ್ತದ ಕೊಯ್ಲಿನ ಹೊತ್ತಿಗೆ ತಡೆಯಲಾಗದೆ ಬಸ್ ಹತ್ತಿದೆ. ನಿನ್ನ ನೋಡಾಕ ಬಂದೀನಿ ಅನ್ನುವುದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ. ಅಲ್ಲಿ ಆರಾಧನೆ ಮುಗಿದು, ಅವಳು ಜಮಖಾನ ಸುತ್ತುತ್ತಿದ್ದಳು. ನೋಡಿದವಳ ಮುಖ ಅರಳಿತು.

"ಇಷ್ಟು ದೂರ ಯಾಕ ಬಂದಿ?"

ಬಾಯಿಪಾಠ ಮಾಡಿದ್ದು ಎಲ್ಲಿ ಹೋಯಿತೋ. ಮಾಮಾನ ಮಾತು ಹೊರಬಿತ್ತು. "ದೇವರು ಕಳಿಸಿದ."

"ಹಂಗಾದ್ರ ಅವನ ಜೋಡಿನೇ ಮಾತಾಡಿ ಹೋಗು. ನೀನಾಗಿ ಬಂದಿದ್ರ ಚಾ ಕೊಡ್ತಿದ್ದೆ."

ಜಮಖಾನ ಎತ್ತಿಕೊಂಡು ಬಾಗಿಲಲ್ಲಿ ಒಂದು ಗಳಿಗೆ ನಿಂತಳು, ನಾನು ಏನಾದರೂ ಅಂದೇನು ಅಂತ. ನಾನು ಬಗ್ಗಿ ಚಪ್ಪಲಿ ಹುಡುಕತೊಡಗಿದೆ. ಅವಳು ಒಳಗೆ ಹೋದಳು.

ವಾಪಸ್ ಬಸ್ಸು ಕುರುಗೋಡಿನ ಮೇಲೆ ಹಾಯ್ದು ಬಂತು. ಕುರುಗೋಡು ದಾಟಿದ ಮೇಲೆ ನನಗೆ ಬಾಯಿ ಬಂತು. ಕಿಟಕಿಗೆ ಮುಖ ಕೊಟ್ಟು ಗಟ್ಟಿಯಾಗೇ ಅಂದುಬಿಟ್ಟೆ, "ಯಾರೂ ಕಳಿಸಿಲ್ಲ. ನಾನಾಗೇ ಬಂದೀನಿ."

ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಕುಂತ ಅಜ್ಜಿ ನನ್ನ ಹೆಗಲು ತಟ್ಟಿದಳು.

"ಬಂದಿಯಲ್ಲಪಾ, ಚಲೋ ಆತು. ಈಗ ಒಂದೀಟು ಸರದು ಕುಂಡ್ರು."