ಹದಿನಾಕು ಕಾರಿನ ಸಾಹುಕಾರ

ಇಲ್ರಿ, ಇವು ಆಡಾ ಕಾರಲ್ಲ.

ನೀವು ಬಾಯಿ ಬಿಟ್ಟು ಕೇಳಲಿಲ್ಲ, ಖರೆ. ಆದ್ರ ನಮ್ಮ ಮನಿಗೆ ಬಂದಾರೆಲ್ಲಾ ನನ್ನ ಷೋಕೇಸ್ ಕಡೆ ಒಂದ್ಸಲ, ನನ್ನ ಗಡ್ಡದ ಕಡೆ ಒಂದ್ಸಲ ನೋಡಿ ಸುಮ್ಮನಾಗ್ತಾರಲ್ಲ, ಆ ಸುಮ್ಮನಾಗಾದ್ರಾಗ ಇದ ಪ್ರಶ್ನಿ ಇರ್ತೈತಿ. ಕೆಳಗಿಟ್ಟು 'ಬುರ್ರ್' ಅಂತ ದಬ್ಬಿದ್ರ ಗಾಲಿ ಕಳಚಿ ಬೀಳ್ತಾವು. ಇವು ನೋಡಾ ಕಾರು. ಖರೇ ಕಾರಿನ ಇಪ್ಪತ್ನಾಲ್ಕನೇ ಒಂದು ಪಾಲು. ಪ್ಲಾಸ್ಟಿಕ್ ಶೀಟು ಕತ್ತರಿಸಿ, ಉಜ್ಜಿ, ಗಮ್ ಹಚ್ಚಿ, ಬಣ್ಣ ಹೊಡದು ನಾನ ಕೈಯಾರೆ ಕಟ್ಟಿದ್ದು.

ಹೊಸಾ ಕಾರು ಯಾಕಿಲ್ಲ ಅಂತೀರಿ? ಅದನ್ನೂ ನೀವು ಕೇಳಲಿಲ್ಲ. ಹೇಳ್ತೀನಿ ಕೇಳ್ರಿ. ಹೊಸಾ ಕಾರಿನ ಮುಖ ನೋಡೀರೇನು? ಕಣ್ಣು ಕಿರಿದು ಮಾಡ್ಕೊಂಡು, ಹಲ್ಲು ಕಡಕೊಂಡು, ಬಡ್ಡಿ ವಸೂಲಿಗೆ ಬಂದಂಗ ಇರ್ತಾವು. ಹಳೇವು ಹಂಗಲ್ಲ. ಗುಂಡಾನ ಕಣ್ಣು, ಉಬ್ಬಿದ ಗಲ್ಲ, ಮುಂದ ಬೆಳ್ಳಿ ಮೀಸಿ ಅಂಥಾ ಬಂಪರು. ಹೊಟ್ಟಿತುಂಬ ಉಂಡು ಕಟ್ಟಿ ಮ್ಯಾಲೆ ಕುಂತ ಗೌಡ್ರಂಗ ಕಾಣ್ತಾವು.

ದಾವಣಗೆರಿಯಾಗ ಆಟೊಮೊಬೈಲ್ ಡಿಪ್ಲೊಮಾ ಸೇರಿದ್ದೆ. ಗೇರ್‌ಬಾಕ್ಸಿನ ಚಿತ್ರ ತಗೀರಿ ಅಂದ್ರ ನಾನು ಹಳೇ ಕಾರಿನ ಹಿಂದಿನ ರೆಕ್ಕಿ ತಗದಿದ್ದೆ. ಮೇಷ್ಟ್ರು, "ಇದು ಕಾರೋ, ಮೀನೋ?" ಅಂದ್ರು. "ನಿಮಗ ಯಾವುದು ಇಷ್ಟಾರಿ ಸರ್?" ಅಂದೆ. ಎರಡನೇ ವರ್ಷಕ್ಕ ಅವರೂ ಬ್ಯಾಸತ್ರು, ನಾನೂ ಬ್ಯಾಸತ್ತೆ. ಅವರಿಗೆ ಪಗಾರ ಇತ್ತು, ಅದಕ್ಕ ನಾನ ಹೊರಗ ಬಂದೆ.

ಈಗ ಕೊಟ್ಟೂರಾಗ ಅಪ್ಪನ ಕಿರಾಣಿ ಅಂಗಡ್ಯಾಗ ಸಕ್ರಿ ತೂಗ್ತೀನಿ. ಉಳದ ಹೊತ್ತು ಹಿಂದಿನ ಖೋಲ್ಯಾಗ ಕಾರು ಕಟ್ತೀನಿ. ಅಪ್ಪನ ಕಣ್ಣು ಆ ಖೋಲಿ ಮ್ಯಾಲೆ. ಶೇಂಗಾ ಚೀಲ ಇಡಾಕ ಬೇಕಂತ. ಜಗಳ ಹರೀಲಾರದಾಗ ಒಂದಿನ ತೀರ್ಪು ಕೊಟ್ಟ: "ನಿನಗೊಂದು ಹೆಣ್ಣು ನೋಡ್ತೀವಿ. ಬರಾಕಿ ಇವನ್ನ ನೋಡಿ 'ಇರಲಿ' ಅಂದ್ರ ಇರಲಿ. ಅನ್ನಲಿಲ್ಲೋ, ಮರುದಿನ ಚೀಲ ಒಳಗ, ನಿನ್ನ ಕಾರು ಗುಜರಿಗೆ."

ನನ್ನ ಕಾರುಗಳ ಆಯುಷ್ಯ ಯಾರೋ ಗುರ್ತಿಲ್ಲದ ಹುಡುಗಿ ನಾಲಿಗಿ ಮ್ಯಾಲೆ ನಿಂತಿತು. ಆದ್ರ ಹುಡುಗಿ ನಮ್ಮ ಹೊಸ್ತಿಲು ದಾಟಬೇಕಲ್ಲ? ಅದಕ್ಕೂ ಮೊದಲು ನನ್ನ ಸುದ್ದಿ ಅವರ ಊರು ದಾಟಿರ್ತೈತಿ. ಸುದ್ದಿ ಹುಟ್ಟಾಕ ನಾನೇನು ಬಾಳ ತ್ರಾಸು ತಗೊಳಂಗಿಲ್ಲ. ಮನಿಬಿಟ್ಟು ಹೊರಗ ಕಾಲಿಟ್ರ ಸಾಕು.

ಅಂಗಿ ಅಳತಿ

ಕೂಡ್ಲಿಗಿ ಹತ್ರ ಒಂದು ಹಳ್ಳ್ಯಾಗ ಹಳೇ ಅಂಬಾಸಿಡರ್ ನಿಂತೈತಿ ಅಂತ ಯಾರೋ ಹೇಳಿದ್ರು. ಬೈಕ್ ಹತ್ತಿ ಹೋದೆ. ಬೇವಿನಗಿಡದ ಕೆಳಗ, ಗಾಲಿ ಇಲ್ಲದಂಗ, ನಾಕು ಕಲ್ಲಿನ ಮ್ಯಾಲೆ ನಿಂತಿತ್ತು. ಹಿಂದಿನ ಸೀಟಿನಾಗ ಒಂದು ಕೋಳಿ ಕಾವಿಗೆ ಕುಂತಿತ್ತು, ಥೇಟ್ ಮಂತ್ರಿ ಕುಂತಂಗ.

ಅವ್ವನ ಹೊಲಿಗಿ ಟೇಪು ಒಯ್ದಿದ್ದೆ. ಮೂತಿಯಿಂದ ಅಳಿಯಾಕ ಚಾಲೂ ಮಾಡಿದೆ. ಒಳಗಿಂದ ಒಬ್ಬಾಕಿ ಮುದುಕಿ ಬಂದ್ಲು.

"ಯಾರಪಾ ನೀನು? ಫೈನಾನ್ಸಿನಾವನೇನು?"

"ಅಲ್ಲಬೇ ಯವ್ವಾ."

"ಗುಜರ್ಯಾವನು?"

"ಅಲ್ಲ. ಸುಮ್ಮನ ಅಳತಿ ತಗೊಳ್ಳಾಕ ಬಂದೀನಿ."

ಮುದುಕಿ ಟೇಪ್ ನೋಡಿದ್ಲು, ಕಾರ್ ನೋಡಿದ್ಲು, ನನ್ನ ನೋಡಿದ್ಲು. "ಅಂಗಿ ಹೊಲಿತೀಯೇನು ಅದಕ್ಕ?" ಅಂದ್ಲು. ಹೂಂ ಅಂದೆ. "ಹಂಗಾರ ಸ್ವಲ್ಪ ದೊಗಳ ಹೊಲಿಯಪಾ, ಮಳಿ ಬಂದ್ರ ಕೋಳಿ ತೊಯ್ತಾವು" ಅಂತ ಹೇಳಿ ಒಳಗ ಹೋದ್ಲು.

ಅಷ್ಟರಾಗ ಕೋಳಿ ಕಿಡಕಿಯಿಂದ ಮೂತಿ ಹಾಕಿ ನನ್ನ ಕೈ ಕುಕ್ಕಿತು. ಟೇಪ್ ಕೆಳಗ ಬಿತ್ತು. ಎತ್ಕೊಂಡು ಉಳದ ಅರ್ಧ ಅಳದು ಬರಕೊಂಡು ಬಂದೆ. ಆ ಟೇಪಿಗೆ ಒಂದು ಮಗ್ಗಲ ಇಂಚು, ಇನ್ನೊಂದು ಮಗ್ಗಲ ಸೆಂಟಿಮೀಟರು. ಮುಂದಿನ ಅರ್ಧ ಇಂಚಿನಾಗ ಅಳದಿದ್ದೆ. ಬಿದ್ದ ಟೇಪ್ ಎತ್ಕೊಂಡ ಮ್ಯಾಲೆ ಹಿಂದಿನ ಅರ್ಧ ಸೆಂಟಿಮೀಟರಿನಾಗ. ನಾನು ಎಲ್ಲಾ ಇಂಚು ಅಂತನ ತಿಳಕೊಂಡು ಎರಡು ತುಂಡು ಬ್ಯಾರೆ ಬ್ಯಾರೆ ಕಟ್ಟಿದೆ. ಜೋಡಸಾಕ ಕುಂತಾಗ ನೋಡಿದ್ರ ಮೂತಿ ಇಲಿದು, ಹಿಂಭಾಗ ಎಮ್ಮಿದು.

ಅವ್ವ ನೋಡಿ ಸಮಾಧಾನ ಹೇಳಿದ್ಲು: "ಇರ್ಲಿ ಬಿಡಪಾ. ನಿಮ್ಮಪ್ಪನ ಶೇಂಗಾ ಚೀಲಕ್ಕ ಹಿಂದ ಚಲೋ ಜಾಗ ಆತು."

ಐವತ್ತೆಂಟರಾಕಿ

ಹಳೇ ಕಾರಿನ ಆ ದಟ್ಟ ಕೆಂಪು ಬಣ್ಣ ಪೇಂಟಿನ ಅಂಗಡ್ಯಾಗ ಸಿಗಂಗಿಲ್ಲ. ಬಳಿ ಅಂಗಡ್ಯಾಗ ಸಿಗ್ತೈತಿ, ಉಗುರಿಗೆ ಹಚ್ಚಾ ಬಣ್ಣದ ಸಣ್ಣ ಬಾಟ್ಲಿಯಾಗ.

ಬಳಿ ಅಂಗಡಿ ಅಕ್ಕ, "ಯಾರಿಗಪಾ?" ಅಂದ್ಲು. ಹೆಂಡ್ತಿಗೆ ಅನ್ನಾಕ ಹೆಂಡ್ತಿ ಇಲ್ಲ, ತಂಗಿಗೆ ಅನ್ನಾಕ ತಂಗಿ ಇಲ್ಲ. "ನನಗ" ಅಂದೆ. ಆಮ್ಯಾಲೆ ಯಾವ ಕೆಂಪು ಸರಿ ಅಂತ ನೋಡಾಕ ಒಂದೊಂದು ಬೆರಳಿಗೆ ಒಂದೊಂದು ಹಚ್ಚಿ ನೋಡಿದೆ. ಅಳಸಾದು ಮರತು ಅಂಗಡಿಗೆ ಬಂದು ಅದ ಕೈಲೆ ಸಕ್ರಿ ತೂಗಿದೆ. ಮಂದಿ ಸಕ್ರಿ ನೋಡಲಿಲ್ಲ.

ಸಂಜಿ ಹೊತ್ತಿಗೆ ಸುದ್ದಿ ಅವ್ವಗ ಮುಟ್ಟಿತ್ತು. ನಾನು ಖೋಲ್ಯಾಗ ಬಣ್ಣ ಹೊಡಿತಿದ್ದೆ. ಅಡಗಿಮನಿಯಿಂದನ ಕೇಳಿದ್ಲು, "ಯಾರಿಗೆ ತಂದಿ ಆ ಬಣ್ಣ?"

ಕಾರಿಗೆ 'ಆಕಿ', 'ಈಕಿ' ಅನ್ನಾದು ನನ್ನ ಕೆಟ್ಟ ಚಟ. "ಈಕಿಗೆ" ಅಂದೆ.

"ಎಲ್ಲಿಯಾಕಿ?"

"ಅಮೆರಿಕಾದಾಕಿ."

"ವಯಸ್ಸು?"

ಯಾವ ಮಾಡಲ್ ಅಂತ ಕೇಳ್ತಾಳ ಅನ್ಕೊಂಡೆ. "ಐವತ್ತೆಂಟು."

ಒಳಗ ಒಂದು ಲೋಟ ಬಿದ್ದ ಸಪ್ಪಳ ಆತು. "ನೋಡಾಕರ ಹೆಂಗದಾಳೋ?"

"ಚಲೋ ಅದಾಳವ್ವಾ. ಮ್ಯಾಲೆ ಏನೂ ಇಲ್ಲ, ಓಪನ್ನ ಇರ್ತಾಳ. ಮಳಿ ಬಂದ್ರಷ್ಟ ಬಟ್ಟಿ ಹೊದಸಾದು."

"ಶಿವ ಶಿವಾ!"

ಆವತ್ತ ಅವ್ವ ಹರಪನಹಳ್ಳ್ಯಾಗಿರಾ ನನ್ನ ಸೋದರಮಾವಗ ಫೋನ್ ಹಚ್ಚಿದ್ಲು. "ಅಣ್ಣಾ, ಲಗೂನ ಎಲ್ಲೆರ ಒಂದು ಹೆಣ್ಣು ನೋಡೋ. ಓದು ಬ್ಯಾಡ, ಬಂಗಾರ ಬ್ಯಾಡ. ಮೈತುಂಬ ಬಟ್ಟಿ ಹಾಕ್ಕೊಂಡು, ನನಗಿಂತ ಸಣ್ಣಾಕಿ ಆಗಿದ್ರ ಸಾಕು."

ಲಗೇಜು

ಹಡಗಲಿಯಾಗ ಒಬ್ಬ ಬೈಕಿಗೆ ಬಣ್ಣ ಹೊಡಿಯಾವ ಅದಾನ, ಕೈ ಬಾಳ ನಯ. ಅವನ ಹತ್ರ ಒಂದು ಕಾರಿಗೆ ಕಡೀ ಕೋಟು ಹೊಡಸಾನ ಅಂತ ಊಟದ ಡಬ್ಬ್ಯಾಗ ಹತ್ತಿ ಅರಳಿ ಹಾಸಿ, ಕಾರಿಟ್ಟು ಬಸ್ ಹತ್ತಿದೆ. ಹಗರಿಬೊಮ್ಮನಹಳ್ಳಿ ಹತ್ರ ಬಸ್ಸು ಗುಂಡ್ಯಾಗ ಇಳಿದಾಗೆಲ್ಲ ಡಬ್ಬಿ ಎದಿಗವಚಿಕೊಂಡು "ಅಯ್ಯಯ್ಯೋ ಬಂಪರು!" ಅಂತಿದ್ದೆ. ಕಂಡಕ್ಟರ್ ಬಂದ.

"ಏನೈತಿ ಅದ್ರಾಗ?"

"ಕಾರೈತ್ರಿ."

ಅವ ಟಿಕೆಟ್ ಹರದು ಕೈಯಾಗಿಟ್ಟ. "ಅಲ್ಲೋ ತಮ್ಮಾ, ಸ್ವಂತ ಕಾರಿದ್ದಾವ ಬಸ್ಸಿನಾಗ ಯಾಕ ಸಾಯ್ತೀಪಾ?"

ಸಾಸಿವಿ

ಅಮೆರಿಕಾದಾಕಿ ಅಂದ್ರ ಕಾರು ಅಂತ ತಿಳದ ಮ್ಯಾಲೆ ಅವ್ವಗ ನನ್ನ ಕಾರುಗಳ ಮ್ಯಾಲೆ ಒಂಥರಾ ಮಮತೆ ಬಂತು. ಆಯುಧಪೂಜಿ ದಿನ ಅಪ್ಪನ ತಕ್ಕಡಿ, ನನ್ನ ಬೈಕು ಪೂಜಿ ಆದ ಕೂಡಲೆ, "ಅವೂ ವಾಹನಾನ, ಪಾಪ" ಅಂತ ಟೇಬಲ್ ಮ್ಯಾಲೆ ಸಾಲಾಗಿ ಇಡಸಿದ್ಲು. ಒಂದೊಂದಕ್ಕೂ ಕುಂಕುಮ ಇಟ್ಲು. ಬೆರಳು ದೊಡ್ಡದು, ಕಾರು ಸಣ್ಣದು. ಒಂದು ಕಾರಿನ ಗ್ಲಾಸ್ ಪೂರಾ ಕೆಂಪಾಗಿ ಡ್ರೈವರಿಗೆ ದಾರಿ ಕಾಣದಂಗಾತು.

ಗಾಲಿ ಕೆಳಗ ನಿಂಬಿಹಣ್ಣು ಇಡಬೇಕಲ್ಲ? ನಿಂಬಿಹಣ್ಣು ಇಟ್ರ ಗಾಲಿಗಿಂತ ಅದ ಎತ್ತರ. ಕಾರು ನಿಂಬಿಹಣ್ಣು ಹತ್ತಾದಲ್ಲ, ನಿಂಬಿಹಣ್ಣು ಕಾರು ಹತ್ತಂಗಿತ್ತು.

ಅಪ್ಪಗ ಲೆಕ್ಕ ಅಂದ್ರ ಪ್ರಾಣ. "ಇಪ್ಪತ್ನಾಲ್ಕನೇ ಒಂದು ಪಾಲು ಕಾರಿಗೆ ಇಪ್ಪತ್ನಾಲ್ಕನೇ ಒಂದು ಪಾಲು ನಿಂಬಿಹಣ್ಣು ಇಡಬೇಕಲೇ" ಅಂದು, ಅಂಗಡಿಗೆ ಹೋಗಿ ಒಂದು ಮುಷ್ಟಿ ಸಾಸಿವಿ ತಂದು ಗಾಲಿಗಳ ಕೆಳಗ ಸುರುವಿದ. ಕುಂಬಳಕಾಯಿ ಬದಲಿಗೆ ಅವ್ವ ಒಂದು ತೊಂಡಿಕಾಯಿ ಇಳೆ ತಗದು ಟೇಬಲ್ ಮ್ಯಾಲೆ ಕುಟ್ಟಿದ್ಲು.

ಕುಟ್ಟಿದ ಹೊಡತಕ್ಕ ಸಾಸಿವಿ ಉಳ್ಳಿತು. ನನ್ನ ಜೀವಮಾನದಾಗ ಮೊದಲನೇ ಸಲ ನಾನು ಕಟ್ಟಿದ ಕಾರು ತಾನಾಗಿ ಓಡ್ತು.

ಟೇಬಲಿನ ತುದಿತನ.

ಹದಿನಾಕು ಕಾರು

ಕಡೀಗೂ ಸೋದರಮಾವ ಒಂದು ಹೆಣ್ಣಿನ ಕಡೆಯವರನ್ನ ಒಪ್ಪಿಸ್ದ. ಚಿಗಟೇರಿ ಕಡೆಯವರು, ಈಗ ಹರಪನಹಳ್ಳ್ಯಾಗ ಅದಾರ. ಹುಡುಗಿ ತಂದಿ ಕರೆಂಟ್ ಆಫೀಸಿನಾಗ ನೌಕರಿ. ಹುಡುಗಿ ಕನ್ನಡಕದ ಅಂಗಡ್ಯಾಗ ಕಣ್ಣು ಪರೀಕ್ಷಾ ಮಾಡ್ತಾಳ.

ಮಾವ ನನ್ನ ಬಗ್ಗೆ ಏನ್ ಹೇಳ್ಯಾನ ಅಂತ ಯಾರೂ ಕೇಳಿರಲಿಲ್ಲ. ಅವನು ಸುಳ್ಳು ಹೇಳಿರಲಿಲ್ಲ ಬಿಡ್ರಿ. "ಹುಡುಗನ ಹತ್ರ ಹದಿನಾಕು ಕಾರ್ ಅದಾವು. ಎಲ್ಲಾ ಸ್ವಂತದ್ದು. ಒಂದರ ಮ್ಯಾಲೂ ಸಾಲ ಇಲ್ಲ" ಅಂದಿದ್ದ. ಒಂದಕ್ಷರ ತಪ್ಪಿಲ್ಲ.

ಮಾವನ ಜೋಡಿ ಅವರು ಬಂದ್ರು. ಹುಡುಗಿ ನಮ್ಮಪ್ಪಗ "ನಮಸ್ಕಾರ ಅಂಕಲ್" ಅಂದು ತಾಯಿ ಮಗ್ಗಲ ಕುಂತ್ಲು. ಒಗ್ಗರಣಿ ಮಂಡಕ್ಕಿ, ಮಿರ್ಚಿ ಬಂತು. ಆಕಿ ತಂದಿ ಮಿರ್ಚಿ ಮುರುಕೊಂತ ನನ್ನ ಕಡೆ ಹೊಳ್ಳಿದ್ರು.

"ಹದಿನಾಕೂ ನಿಮ್ಮವೇ ಏನ್ರೀ?"

"ಹೌದ್ರಿ. ನಾನ ಕಟ್ಟಿದ್ದು."

"ಅಂದ್ರೆ ಬಾಡಿ ಕಟ್ಟಿಸಿದ್ದಾ?"

"ಬಾಡಿ, ಸೀಟು, ಗಾಲಿ, ಎಲ್ಲಾ ನಂದ ಕೈಕೆಲಸ ರೀ."

ಅವರ ಮುಖ ಅರಳಿತು. "ಡ್ರೈವರ್‌ಗಳು?"

"ಯಾರ ಕೈಯಾಗೂ ಕೊಡಂಗಿಲ್ರಿ. ಹಾಳ ಮಾಡ್ತಾರ."

"ಒಳ್ಳೇದು, ಒಳ್ಳೇದು. ಲೀಟರಿಗೆ ಎಷ್ಟು ಕೊಡ್ತಾವೆ?"

"ಪೆಟ್ರೋಲ್ ಮಾತ ಇಲ್ರಿ."

ಕರೆಂಟ್ ಆಫೀಸಿನ ಮನಿಷಾ ನೆಟ್ಟಗಾದ್ರು. "ಓಹೋ! ಮೀಟರ್ ಬೇರೆ ಹಾಕ್ಸೀರಾ, ಇಲ್ಲಾ ಮನೆ ಮೀಟರಿಗೇ ಜೋಡಿಸೀರಾ?"

ಷೋಕೇಸಿನ ಲೈಟ್ ಬಗ್ಗೆ ಕೇಳ್ತಾರ ಅನ್ಕೊಂಡೆ. "ಮನಿದಕ್ಕನ ರೀ. ಏನ್ ಮಹಾ ಕರೆಂಟ್ ತಿಂತೈತಿ, ಒಂದು ಟ್ಯೂಬ್‌ಲೈಟಿನಷ್ಟು."

"ಹದಿನಾಕು ಕಾರಿಗಾ?"

"ಹೂಂ ರೀ. ಎಲ್ಲಾ ಒಂದ ಖೋಲ್ಯಾಗ ಅದಾವು. ಇನ್ನೂ ಒಂದು ಆರಕ್ಕ ಜಾಗ ಐತಿ."

ಈ ಹೊತ್ತಿಗೆ ನನ್ನ ಸೋದರಮಾವಗ ಬಾರದ ಫೋನ್ ಬಂತು. "ಹಲೋ, ಹಲೋ" ಅನಕೊಂತ ಹೊರಗ ಹೋದಾವ ತಿರುಗಿ ಬರಲಿಲ್ಲ.

"ನಡೀರಿ, ನೋಡಾಣ" ಅಂತ ಹುಡುಗಿ ತಂದಿ ಎದ್ರು. ಅವ್ವನ್ನ ಬಿಟ್ಟು ಎಲ್ಲಾರೂ ಖೋಲಿಗೆ ಬಂದ್ವಿ. ಅವರು ಷೋಕೇಸ್ ದಾಟಿ ಸೀದಾ ಹೋಗಿ ಹಿತ್ತಲ ಬಾಗಲು ತಗದ್ರು. ಅಲ್ಲಿ ಒಣಗಾಕ ಹಾಕಿದ ನನ್ನ ಲುಂಗಿ ಇತ್ತು. ಹೊಳ್ಳಿ ನೋಡಿದ್ರು. ನಾನು ಷೋಕೇಸಿನ ಲೈಟ್ ಹಾಕಿ ಪಕ್ಕಕ್ಕ ಸರದು ನಿಂತೆ, ಗರ್ಭಗುಡಿ ಪರದಿ ಸರಸಿದ ಪೂಜಾರಿಯಂಗ.

"ಇವಾ?"

"ಇವ ರೀ."

ಅವರು ಬಾಯಾಗಿನ ಮಿರ್ಚಿ ನುಂಗಲೋ ಬ್ಯಾಡೋ ಅನ್ನಂಗ ನಿಂತ್ರು. ನಮ್ಮಪ್ಪ ಮೂಲ್ಯಾಗ ನಿಂತು ಗ್ವಾಡಿ ಅಳತಿ ಕಣ್ಣಾಗ ತಗೊಂತಿದ್ದ, ಎಷ್ಟು ಚೀಲ ಹಿಡೀತಾವು ಅಂತ.

ಹುಡುಗಿ ಮಾತ್ರ ಬಗ್ಗಿ, ನಾನು ಎರಡನೇ ಸಲ ಸರಿಯಾಗಿ ಕಟ್ಟಿದ ಅಂಬಾಸಿಡರಿನ ಮುಖಕ್ಕ ಮುಖ ಕೊಟ್ಟು ನೋಡಿದ್ಲು. ಬಾಳ ಹೊತ್ತು ನೋಡಿದ್ಲು.

"ಇದಕ್ಕೆ ಮೆಳ್ಳಗಣ್ಣು ಐತಲ್ರಿ" ಅಂದ್ಲು.

ನಾನು ಸಿಟ್ಟಿಗೆದ್ದೆ. ಹಳೇ ಕಾರಿನ ಗುಂಡಾನ ಕಣ್ಣು, ಉಬ್ಬಿದ ಗಲ್ಲ, ಕಟ್ಟಿ ಮ್ಯಾಲಿನ ಗೌಡ್ರು, ನಿಮಗ ಮೊದಲ ಹೇಳಿದ್ನೆಲ್ಲಾ ಉಸಿರು ಬಿಡದಂಗ ಆಕಿಗೂ ಹೇಳಿದೆ. ಪೂರ್ತಿ ಕೇಳಿದ್ಲು. "ಗುಂಡಗಿದ್ರೂ ಮೆಳ್ಳ ಮೆಳ್ಳನೇ. ಎಡಗಡೆದು ಒಂಚೂರು ಕೆಳಗೆ ಕುಂತೈತೆ" ಅಂದ್ಲು. ನಾನೂ ಬಗ್ಗಿ ನೋಡಿದೆ. ಕುಂತಿತ್ತು, ಹಾಳಾದ್ದು.

"ಬಾಗಲು ತಗೀತಾವಾ?"

"ಇಲ್ರಿ. ಗಮ್ ಹಚ್ಚಿ ಅಂಟಿಸೀನಿ."

"ಮತ್ತೆ ಒಳಗೆ ಹತ್ತೋರು?"

"ಇನ್ನೂ ಯಾರೂ ಹತ್ತಿಲ್ರಿ" ಅಂದೆ.

ಆಕಿ ತಂದಿ ಕೆಮ್ಮಿ, "ಮನೆಗೆ ಹೋಗಿ ತಿಳಿಸ್ತೀವಿ" ಅಂದು ಚಪ್ಪಲಿ ಹಾಕ್ಕೊಂಡ್ರು. ತಿಳಿಸ್ತೀವಿ ಅಂದ್ರ ಏನು ಅಂತ ನಮ್ಮ ಕಡೆ ಸಣ್ಣ ಹುಡುಗರಿಗೂ ತಿಳೀತೈತಿ. ಹುಡುಗಿ ತಂದಿ, ತಾಯಿ ಅಂಗಳಕ್ಕ ಇಳಿಯಾದ ತಡ, ನಮ್ಮಪ್ಪ ನನ್ನ ಕಡೆ ಹೊಳ್ಳಿದ. "ಆತಲ್ಲಲೇ ನಿನ್ನ ಸಾಹುಕಾರಿಕಿ? ನಾಳಿಗೆ ಹಮಾಲರಿಗೆ ಹೇಳ್ತೀನಿ. ಶೇಂಗಾ ಚೀಲ ಬರ್ತಾವು."

ಹೊಸ್ತಿಲದಾಗ ಚಪ್ಪಲಿ ಮೆಟ್ಟುತಿದ್ದ ಹುಡುಗಿ ಅಲ್ಲೇ ನಿಂತ್ಲು.

"ಇಲ್ಲಿ ಶೇಂಗಾ ಇಡಬೇಡ್ರಿ ಮಾವಾರೇ, ಇಲಿ ಬರ್ತಾವೆ" ಅಂದ್ಲು. "ಇವೇ ಇರಲಿ. ಇವನ್ನ ಇಲೀನೂ ಮೂಸಲ್ಲ."

ಬರಾಗ ಅಂಕಲ್ ಅಂದಾಕಿ, ಹೋಗಾಗ ಮಾವಾರೇ ಅಂದಿದ್ಲು. ಅಪ್ಪನ ಬಾಯಿ ತಗದದ್ದು ತಗದಂಗ ಇತ್ತು. ಅಡಗಿಮನ್ಯಾಗ ಮತ್ತ ಒಂದು ಲೋಟ ಬಿತ್ತು.

ಆಕಿ ನನ್ನ ಕಡೆ ನೋಡಿದ್ಲು. "ಈ ಬಾಗಲಾದ್ರೂ ಮುಚ್ಚಾಕೆ ಬರ್ತೈತಾ, ಇಲ್ಲ ಇದಕ್ಕೂ ಗಮ್ ಹಚ್ಚೀರಾ?"

ನನ್ನ ಉತ್ತರಕ್ಕ ಕಾಯಲಿಲ್ಲ. ಹೊರಗ ನಡದು, ಬಾಗಲು ಎಳಕೊಂಡ್ಲು.