ಹೊಟ್ಟಿ ಮುಂದಕ್ಕ ಹೋಗವಲ್ದು

ಮಂದಿಗೆ ಹೊಟ್ಟಿ ಹಸದ್ರ ತ್ರಾಸು. ನನಗ ಹಸಿಯೂದೇ ಇಲ್ಲ, ಅದಕ್ಕ ದಿನಾ ಒಂದಿಲ್ಲೊಂದ ಫಜೀತಿ. ನಾಕ ತುತ್ತಿಗೇ ಗಂಟಲಮಟ ತುಂಬತೈತಿ. ಹೊಟ್ಟಿ ತುಂಬೈತಿ, ಬಾಯಿ ಮಾತ್ರ ಉಪಾಸ.

ಊಟಾ ಆತ?

ದಾಂಡೇಲ್ಯಾಗ ನಮ್ಮ ಓಣಿ ಮಂದಿ ಎದುರಾದ್ರ ಮೊದಲ ಕೇಳೂದು ಇದನ್ನ. ಬಾಜೂಮನಿ ಕಾಕಾ ಸಂಜೀಮುಂದ ಕೇಳಿದ್ರು, "ಏನಪಾ, ಊಟಾ ಆತ?"

"ನಿನ್ನಿದು ಇನ್ನೂ ನಡದೈತ್ರಿ ಕಾಕಾ."

ದೃಷ್ಟಿ

ಅವ್ವ ಇದು ದೃಷ್ಟಿನ ಅಂದ್ಲು. ಉಪ್ಪು, ಒಣಮೆಣಸಿನಕಾಯಿ ಇಳಿಸಿ ಒಲಿಗೆ ಒಗದ್ಲು. ದೃಷ್ಟಿ ಆಗಿದ್ರ ಘಾಟ ಬರಂಗಿಲ್ಲ ಅಂತಾರ. ಮನಿಮಂದಿ ಎಲ್ಲಾ ಕೆಮ್ಮಿದ್ರು. ನನ್ನ ಕಣ್ಣಾಗೂ ನೀರ ಬಂತು. ಘಾಟಿಗಲ್ಲ, ಮಿರ್ಚಿ ಭಜಿ ನೆನಪಾಗಿ.

ಅವ್ವ ಕೆಮ್ಮಕೋತ ಅಂದ್ಲು, "ದೃಷ್ಟಿ ಅಲ್ಲ ಬಿಡು. ನಿನ್ನ ಯಾರ ನೋಡ್ಯಾರ?"

ಕಸರತ್ತು

ಧಾರವಾಡದ ಡಾಕ್ಟರು ಹೇಳಿದ್ರು, ನನ್ನ ಹೊಟ್ಟಿ ಖಾಲಿ ಆಗೂದು ನಿಧಾನ, ಮ್ಯಾಲ ಮಲಬದ್ಧತೆ ಬ್ಯಾರೆ. ಕೆಳಗ ಕಟ್ಟಿಕೊಂಡ್ರ ಮ್ಯಾಲಿಂದೂ ಇನ್ನಷ್ಟ ನಿಧಾನ ಆಗಬಹುದಂತ. ಔಷಧದ ಜೋಡಿ ಫಿಜಿಯೋಥೆರಪಿಗೂ ಕಳಿಸಿದ್ರು.

ಅಲ್ಲಿ ಮೇಡಂ ಅಂದ್ರು, "ಸಂಡಾಸಕ್ಕ ಕುಂತಾಗ ಸೊಂಟದ ತಳದ ಸ್ನಾಯು ಸಡಿಲ ಬಿಡಬೇಕು, ನೀ ಬಿಗಿ ಹಿಡೀತಿ. ಮೊಣಕಾಲ ಮಡಚಿ ಮಲಕೋ. ಹೊಟ್ಟಿ ಉಬ್ಬೂವಂಗ ಉಸಿರ ತಗೋ. ತಿಣಕಬ್ಯಾಡ. ಪೂರಾ ಆರಾಮ ಆಗ್ತೈತಿ ಅನ್ನಂಗಿಲ್ಲ, ಹಗರ ಆಗಬಹುದು."

"ಆಮ್ಯಾಲ ಏನ ಮಾಡ್ಲಿರಿ?"

"ಏನೂ ಮಾಡಬ್ಯಾಡ. ಸುಮ್ನ ಬಿದ್ಕೋ."

ಬಾಜೂಕ ನಿಂತಿದ್ದ ಅಪ್ಪಗ ತಡೀಲಿಲ್ಲ. "ಕಾಲೇಜ ಬಿಟ್ಟಾಗಿಂದ ಅದನ್ನ ಮಾಡಾಕತ್ತಾನ್ರೀ ಮೇಡಂ!"

ಅರ್ಧ ಹೋಳಿಗಿ

ಖರೇ ಹೇಳ್ತೇನಿ, ಊಟಕ್ಕಿಂತ ಒತ್ತಾಯದ್ದ ನೆನಪ ಭಾಳ ಕಾಡ್ತಿತ್ತು. ಹಳಿಯಾಳದ ಅತ್ತಿ ಪಂಕ್ತ್ಯಾಗ ಎಲ್ಲಾರ ಎಲಿಗೂ ಬೈದು ಬೈದು ಹೋಳಿಗಿ ಹಾಕ್ತಾಳ. ಬ್ಯಾಡ ಅಂದವರಿಗೆ ಎರಡು. ಈ ಜಡ್ಡು ಬಂದಾಗಿಂದ ನನ್ನ ಎಲಿ ಬಂದ್ರ ಮಾತ್ರ ಸುಮ್ನ ದಾಟಿ ಹೋಗ್ತಿದ್ಲು, ಯಾರೋ ಪರಊರಿನವನ್ನ ದಾಟಿದಂಗ.

ತಿಂಗಳಗಟ್ಲೆ ಬಿದ್ಕೊಂಡು ಉಸಿರ ತಗೊಂಡೆ. ಸಂಡಾಸ ಸುಸೂತ್ರ ಆತು, ಹೊಟ್ಟಿನೂ ಸ್ವಲ್ಪ ಹಗರಾತು. ಡಾಕ್ಟರು ಅರ್ಧ ಹೋಳಿಗಿಗೆ ಹೂಂ ಅಂದ್ರು. ಅತ್ತಿ ಮಗಳ ಸೀಮಂತಕ್ಕ ಓಡಿ ಹೋಗಿ ಎಲಿ ಮುಂದ ಕುಂತೆ. ಅತ್ತಿ ಬಂದ್ಲು. ಈ ಸಲ ದಾಟಲಿಲ್ಲ, ನಿಂತ್ಲು.

"ಹಾಕ್ಲೇನೋ ತಮ್ಮಾ?"

ನಮ್ಮ ಕಡೆ ಒಮ್ಮೆಲೆ ಹೂಂ ಅಂದ್ರ ಹೊಟ್ಟಿಬಾಕ ಅಂತಾರ. ರೂಢಿ ನೋಡ್ರಿ, ಎರಡೂ ಕೈ ಎಲಿಗೆ ಅಡ್ಡ ಹಿಡದು ಒದರಿದೆ, "ಬ್ಯಾಡ, ಬ್ಯಾಡತ್ತಿ!"

ಇಡೀ ಜನ್ಮದಾಗ ಯಾರ 'ಬ್ಯಾಡ'ನೂ ನಂಬದ ಅತ್ತಿ, ನಂದೊಂದ ನಂಬಿ ಮುಂದಿನ ಎಲಿಗೆ ಹೋದ್ಲು.