ಚೆನ್ನಾಗಿದ್ದೇನೆ ಎನ್ನುವವರಿಗೆ ವೀಸಾ ಇಲ್ಲ

ಹೇಗಿದ್ದೀರಿ ಎಂದು ಯಾರು ಕೇಳಿದರೂ ಚೆನ್ನಾಗಿದ್ದೇನೆ ಎಂದುಬಿಡುವುದು ನನ್ನ ಹಳೆಯ ಅಭ್ಯಾಸ. ಮಕ್ಕಳೇ, ನಿಮ್ಮ ತಾತ ತೀರಿಕೊಂಡ ವಾರ ಮಾತನಾಡಿಸಲು ಬಂದವರಿಗೂ ಬಾಯಿತಪ್ಪಿ ಹಾಗೆಯೇ ಅಂದಿದ್ದೆ. ಬಂದವರು ಮುಖ ಮುಖ ನೋಡಿಕೊಂಡರು. ಮನೆಯ ಕಷ್ಟ ಮನೆಯೊಳಗಿರಬೇಕು ಎಂದು ಕಲಿತು ಬೆಳೆದವಳು ನಾನು. ಅಂಥವಳು ನೈರೋಬಿಗೆ ಬಂದು, ಕಷ್ಟ ಹೇಳಿಕೊಳ್ಳುವುದನ್ನು ಇನ್ನೊಬ್ಬಳಿಗೆ ಕಲಿಸಬೇಕಾಯಿತು. ಅದನ್ನು ನಿಮಗಾಗಿ ಬರೆದಿಡುತ್ತಿದ್ದೇನೆ. ನಿಮಗೆ ಕನ್ನಡ ಅರ್ಥವಾಗುತ್ತದೆ, ಓದಲು ಬಾರದು. ಅಮ್ಮನ ಕೈಲಿ ಓದಿಸಿಕೊಳ್ಳಿ.

ಇಲ್ಲಿಯ ನ್ಗಾರಾ ಬಡಾವಣೆಯಲ್ಲಿ ನನ್ನ ರವಿಕೆ ಹೊಲಿಯುತ್ತಿದ್ದ ಅಡೆಲ್‌ಳನ್ನು ನೀವು ಬಲ್ಲಿರಿ. ಕಾಂಗೋದಿಂದ ಓಡಿಬಂದವಳು, ನನ್ನ ಹಾಗೆ ಗಂಡನಿಲ್ಲದವಳು. ತರಕಾರಿ ಕೊಳ್ಳುತ್ತಾ ಕಲಿತ ನನ್ನ ಸ್ವಾಹಿಲಿ ಪೂರ್ತಿ ಅರ್ಥವಾಗುತ್ತಿದ್ದುದು ಅವಳೊಬ್ಬಳಿಗೇ. ದೂರದ ದೇಶವೊಂದು ನಿರಾಶ್ರಿತರಿಗೆ ಕೊಡುವ ರಕ್ಷಣೆಯ ವೀಸಾಕ್ಕೆ ಅವಳು ಅರ್ಜಿ ಹಾಕಿದ್ದಳು. ಅದಕ್ಕೆ ನೆರವಾಗುವುದು ನಿಮ್ಮ ಅಮ್ಮನ ಕಚೇರಿಯ ಕೆಲಸ. ಸಂದರ್ಶನ ಹತ್ತಿರ ಬಂದಿತ್ತು, ಅದು ಕೆಟ್ಟರೆ ಮತ್ತೆ ಅವಕಾಶ ಸಿಗುವುದು ಕಷ್ಟ. ಅಡೆಲ್ ಮಾತ್ರ ಏನು ಕೇಳಿದರೂ ನಕ್ಕು "ಸವಾ" ಎನ್ನುತ್ತಿದ್ದಳು, ಎಲ್ಲ ಸರಿಯಾಗಿದೆ ಎಂದು.

"ಏನ್ ಮಾಡ್ಲಮ್ಮ, ನಿಮ್ಮೂರು ಹೇಗಿತ್ತು ಅಂದ್ರೆ ಚೆನ್ನಾಗಿತ್ತು ಅಂತಾಳೆ. ಆಫೀಸರ್ ಫೈಲ್ ಮುಚ್ಚಿ ಕಳಿಸ್ಬಿಡ್ತಾನೆ" ಎಂದು ನಿಮ್ಮ ಅಮ್ಮ ತಲೆ ಹಿಡಿದುಕೊಂಡು ಕೂತಳು. ಆ ವೀಸಾಕ್ಕೆ ಏನೇನು ಬೇಕೆಂದು ಆವತ್ತೇ ನನಗೆ ತಿಳಿದದ್ದು. ಬಡತನ ಇದ್ದರೆ ಸಾಲದಂತೆ. ಊರಲ್ಲಿ ಯುದ್ಧವಿದೆ ಎಂದರೂ ಅಷ್ಟಕ್ಕೇ ಸಾಲದಂತೆ. ಸ್ವಂತ ದೇಶದ ಹೊರಗಿರಬೇಕು. ಹಿಂದಿರುಗಿದರೆ ತನಗೆ ಕೇಡು ಮಾಡುತ್ತಾರೆಂಬ ಭಯವಿರಬೇಕು, ಅದು ಸುಮ್ಮನೆ ಹುಟ್ಟಿದ ಭಯವಾಗಿರಬಾರದು. ಆ ಕೇಡಿಗೆ ಜನಾಂಗವೋ ಧರ್ಮವೋ ದೇಶವೋ ಸೇರಿದ ಗುಂಪೋ ರಾಜಕೀಯ ಅಭಿಪ್ರಾಯವೋ ಕಾರಣವಾಗಿರಬೇಕು. ಅಲ್ಲಿಯ ಸರ್ಕಾರ ಕಾಪಾಡದೆ ಹೋಗಿರಬೇಕು. ಇಷ್ಟೆಲ್ಲ ಇದ್ದೂ ಬಾಯಿಬಿಟ್ಟು ಹೇಳದಿದ್ದರೆ ಇಲ್ಲದ ಹಾಗೆಯೇ. ಹಳ್ಳಿಯ ಶಾಲೆಯಲ್ಲಿ ಒಂದಿಷ್ಟು ಪರೀಕ್ಷೆ ಬರೆದವಳು ನಾನು. ಭಯಕ್ಕೂ ಪರೀಕ್ಷೆ ಇದೆ ಎಂದು ಗೊತ್ತಿರಲಿಲ್ಲ.

"ನಿನ್ ಹತ್ರ ಅವಳಿಗೆ ಸಲಿಗೆ ಇದೆ. ಪ್ರಾಕ್ಟೀಸ್‌ಗೆ ನೀನೇ ಆಫೀಸರ್ ಆಗಮ್ಮ" ಎಂದು ನಿಮ್ಮ ಅಮ್ಮ ಒಂದು ಭಾನುವಾರ ಅಡೆಲ್‌ಳನ್ನು ಮನೆಗೆ ಕರೆದಳು. ನಾನು ಕಂಡ ಸಂದರ್ಶನ ಒಂದೇ, ಗಂಡಿನ ಕಡೆಯವರು ನನ್ನನ್ನು ನೋಡಲು ಬಂದದ್ದು. ಹಾಗಾಗಿ ಮೊದಲು ಉಪ್ಪಿಟ್ಟು, ಕೇಸರಿಬಾತು ಮಾಡಿದೆ. ಅಡೆಲ್ ಕುರ್ಚಿಯ ತುದಿಯಲ್ಲಿ ತಲೆ ತಗ್ಗಿಸಿ ಕೂತಳು. ಆಫೀಸರೂ ತಲೆ ತಗ್ಗಿಸಿ ಕೂತರು. ಕೊನೆಗೆ ನಾನು ಕೇಳಿದ ಮೊದಲ ಪ್ರಶ್ನೆ, "ಹಾಡು ಬರುತ್ತದೆಯೇ?" ಮೀರಾ, ನೀನು ಸೋಫಾದ ಮೇಲೆ ಉರುಳಾಡಿ, "ಅಜ್ಜೀ, ದಿಸ್ ಈಸ್ ನಾಟ್ ಎ ಮ್ಯಾರೇಜ್" ಎಂದು ನಕ್ಕದ್ದನ್ನು ನಾನು ಮರೆತಿಲ್ಲ.

ಕೇಳಬೇಕಾಗಿದ್ದ ಪ್ರಶ್ನೆ ಬೇರೆ ಇತ್ತು: ನಿನ್ನ ದೇಶಕ್ಕೆ ನೀನೇಕೆ ಹಿಂದಿರುಗಲಾರೆ? ಮನೆಗೆ ಬಂದು ತಟ್ಟೆ ಹಿಡಿದು ಕೂತವಳನ್ನು ಹಾಗೆ ಕೇಳುವುದೆಂದರೆ, ಯಾವಾಗ ಹೊರಡುತ್ತೀ ಎಂದ ಹಾಗೆ. "ಇನ್ನೂ ಸ್ವಲ್ಪ ಹಾಕಲೇ?" ಎಂದೆ. ನಿಮ್ಮ ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಕಣ್ಣು ಬಿಟ್ಟಳು. ಗೋಡೆಯ ಗಡಿಯಾರ ನೋಡುತ್ತಾ ಹೇಗೋ ಆ ಪ್ರಶ್ನೆ ಕೇಳಿದೆ. "ಸವಾ, ಮಮಾ" ಎಂದಳು ಅಡೆಲ್. "ಎಲ್ಲ ಸವಾ ಆಗಿದ್ದರೆ, ಇಲ್ಲಿ ಕೂತು ನನ್ನ ರವಿಕೆ ಯಾಕೆ ಹೊಲಿಯುತ್ತಿದ್ದೀ, ಮಗಳೇ?" ಎಂದೆ, ಗಡಿಯಾರಕ್ಕೇ.

ಅವಳು ತಟ್ಟೆ ಕೆಳಗಿಟ್ಟು ಹೇಳತೊಡಗಿದಳು. ಅವಳ ಗಂಡ ಶಾಲೆಯ ಮೇಷ್ಟ್ರು. ಬಂದೂಕಿನವರು ಹುಡುಗರನ್ನು ತಮ್ಮ ದಂಡಿಗೆ ಎಳೆದೊಯ್ಯುವುದು ತಪ್ಪೆಂದು ಗಂಡ ಹೆಂಡತಿ ಇಬ್ಬರೂ ಊರ ಸಭೆಯಲ್ಲಿ ಎದ್ದು ನಿಂತು ಹೇಳಿದ್ದರು. ಅವನನ್ನು ಕೊಂದರು. ಇವಳನ್ನು ಹೆಸರು ಹಿಡಿದು ಹುಡುಕಿಕೊಂಡು ಬಂದರು. ಪೊಲೀಸರು ದೂರನ್ನೇ ತೆಗೆದುಕೊಳ್ಳಲಿಲ್ಲ. ವೀಸಾಕ್ಕೆ ಬೇಕಾದದ್ದೆಲ್ಲ ಅವಳ ಬಳಿ ಇತ್ತು, ಯಾರಿಗೂ ಬೇಡವಾದ ಆಸ್ತಿಯ ಹಾಗೆ.

"ಇದನ್ನು ಇಷ್ಟು ದಿನ ಯಾಕೆ ಹೇಳಲಿಲ್ಲ?" ಎಂದೆ.

"ಸಹಾಯ ಮಾಡುವವರ ಮುಂದೆ ಅಳಬಾರದು, ಮಮಾ. ಅದು ಭಿಕ್ಷೆ ಕೇಳಿದ ಹಾಗೆ ಎಂದು ನನ್ನ ತಾಯಿ ಹೇಳಿಕೊಟ್ಟಿದ್ದಳು."

ಅವಳ ತಾಯಿಯೂ ನನ್ನ ತಾಯಿಯೂ ಒಂದೇ ಬೆಂಚಿನ ಮೇಲೆ ಕೂತು ಪಾಠ ಕಲಿತಿರಬೇಕು. ಆಮೇಲೆ ಹಲವು ಭಾನುವಾರ ನಾನು ಅದೇ ಕೆಟ್ಟ ಪ್ರಶ್ನೆ ಕೇಳಿದೆ, ಅವಳು ಹೇಳಿದಳು. ಹೇಳಿದಷ್ಟೂ ನನಗೇ ಕೇಳುವುದು ಕಷ್ಟವಾಯಿತು.

ಸಂದರ್ಶನ ಮುಗಿದು, ತಿಂಗಳುಗಳು ಕಳೆದು ಅವಳಿಗೆ ವೀಸಾ ಬಂತು. ಹೊರಡುವ ಮುನ್ನ ಕೊನೆಯ ರವಿಕೆ ಹಿಡಿದು ಬಂದಳು. "ನಾನು ಹೋದ ಮೇಲೆ ನೀವು ಹೇಗಿರುತ್ತೀರಿ, ಮಮಾ?" ಎಂದಳು. ಸುದ್ದಿ ಕೇಳಿದಾಗಿನಿಂದ ನನಗೆ ಊಟ ಸೇರುತ್ತಿರಲಿಲ್ಲ. "ಸವಾ, ಸವಾ" ಎಂದು ಉಪ್ಪಿಟ್ಟು ತರಲು ಎದ್ದೆ. ಅವಳು ನನ್ನ ಸೆರಗು ಹಿಡಿದು ಕೂರಿಸಿ, ಗೋಡೆಯ ಗಡಿಯಾರ ನೋಡುತ್ತಾ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಳು. ನಾನು ಮತ್ತೆ ಸವಾ ಎಂದೆ.

ಮೀರಾ, ಪುಸ್ತಕದಿಂದ ತಲೆ ಎತ್ತದೆಯೇ ನೀನು ತೀರ್ಪು ಕೊಟ್ಟೆ: "ನೋ ವೀಸಾ ಫಾರ್ ಯೂ, ಅಜ್ಜಿ."